ದಕ್ಷಿಣ ಅಮೆರಿಕದ ಚಿಟ್ಟೆಯ ಹೆಸರು ತಪ್ಪುತ್ತಿದೆಯೇ? ದೋಷ ಹುಡುಕುವ ಕೈಪಿಡಿ

ಪೆರು, ಈಕ್ವೆಡಾರ್, ಬ್ರೆಜಿಲ್ ಕಡೆ ಹೋಗಿಬಂದವರ ಫೋನಿನಲ್ಲಿ ಒಂದಿಷ್ಟು ಚಿಟ್ಟೆಗಳ ಫೋಟೊ ಇದ್ದೇ ಇರುತ್ತವೆ. ಮನೆಗೆ ಬಂದಮೇಲೆ ಹೆಸರು ಹುಡುಕಲು ಕೂರುತ್ತಾರೆ. ಆ್ಯಪ್ ಒಂದು ಹೆಸರು ಕೊಡುತ್ತದೆ, ಪುಸ್ತಕದ ಚಿತ್ರ ಇನ್ನೊಂದನ್ನು ಹೋಲುತ್ತದೆ, ಆಮೇಲೆ ತಿಳಿದವರೊಬ್ಬರು ಬಂದು ಎರಡೂ ಅಲ್ಲ ಅನ್ನುತ್ತಾರೆ. ಆ ಹಂತದಲ್ಲಿ ಸಿಕ್ಕಿಕೊಂಡವರಿಗಾಗಿ ಈ ಬರಹ.

ನಮ್ಮ ಕಾಡುಗಳಲ್ಲಿ ಚಿಟ್ಟೆ ನೋಡಿ ಪಳಗಿದವರಿಗೂ ಅಲ್ಲಿ ಎಡವಟ್ಟಾಗುತ್ತದೆ. ಇಡೀ ಪಶ್ಚಿಮ ಘಟ್ಟದಲ್ಲಿ ಇರುವುದು ಸುಮಾರು 330 ಪ್ರಭೇದ. ಕೊಲಂಬಿಯಾ ಒಂದೇ ದೇಶದ ಪಟ್ಟಿ 2021ರಲ್ಲಿ ಬಂತು, ಅದರಲ್ಲಿ 3,642 ಪ್ರಭೇದಗಳಿವೆ. ಸಂಖ್ಯೆಯ ಕಷ್ಟ ಹಾಗಿರಲಿ. ಅದಕ್ಕಿಂತ ಜಾಸ್ತಿ ತಲೆ ತಿನ್ನುವುದು ವೇಷ. ಅಲ್ಲಿ ಒಂದೇ ಬಣ್ಣ, ಒಂದೇ ಪಟ್ಟೆ ತೊಟ್ಟ ನಾಲ್ಕಾರು ಬೇರೆ ಬೇರೆ ಚಿಟ್ಟೆಗಳು ಒಂದೇ ಕಾಲುದಾರಿಯಲ್ಲಿ ಹಾರಾಡುತ್ತವೆ. ಅದರ ಜೊತೆಗೆ ಒಂದೇ ಪ್ರಭೇದ ನೂರು ಕಿಲೋಮೀಟರ್ ಆಚೆ ಪೂರ್ತಿ ಬೇರೆ ಬಣ್ಣದಲ್ಲಿ ಕಾಣಿಸಿಕೊಳ್ಳುತ್ತದೆ.

ಬೇರೆಯವರ ಫೋಟೊ ನೋಡಿ ಹೆಸರು ಹೇಳುವ ಕೆಲಸದಲ್ಲಿ ನನಗೆ ಅನ್ನಿಸಿದ್ದು ಇಷ್ಟು: ಹೆಸರು ತಪ್ಪುವುದು ಸಾಮಾನ್ಯವಾಗಿ ಕಣ್ಣಿನ ದೋಷದಿಂದ ಅಲ್ಲ. ಬೇಕಾದ ಮಾಹಿತಿ ಫೋಟೊದಲ್ಲಿ ಇರುವುದೇ ಇಲ್ಲ. ಆದ್ದರಿಂದ ಇಲ್ಲಿ ಚಿಟ್ಟೆಗಳ ಪಟ್ಟಿ ಕೊಡುವುದಿಲ್ಲ. ನಿಮಗೆ ಯಾವ ತೊಂದರೆ ಕಾಣುತ್ತಿದೆ, ಅದಕ್ಕೆ ಯಾವ ಮಾಹಿತಿ ಕೊರತೆ ಕಾರಣ ಎಂದು ನೋಡೋಣ.

ಯಾವ ಫೋಟೊ ಆದರೂ ಮೊದಲು ಇವನ್ನು ನೋಡಿ

ಎಲ್ಲಿ ತೆಗೆದದ್ದು? "ಪೆರು" ಎಂದರೆ ಸಾಲದು. ಆಂಡೀಸ್ ಪರ್ವತದ ಪಶ್ಚಿಮಕ್ಕೋ ಪೂರ್ವಕ್ಕೋ, ಎತ್ತರ ಎಷ್ಟು, ಹತ್ತಿರದ ಊರು ಯಾವುದು, ಇಷ್ಟು ಬೇಕು. ಈಕ್ವೆಡಾರ್‌ನ ಪಶ್ಚಿಮ ಇಳಿಜಾರಿನ ಚಿಟ್ಟೆಗೂ ಪೂರ್ವ ಇಳಿಜಾರಿನ ಚಿಟ್ಟೆಗೂ ನಡುವೆ ಹಿಮ ಹೊತ್ತ ಬೆಟ್ಟಸಾಲು ಇದೆ. ನಕ್ಷೆಯಲ್ಲಿ ಹತ್ತಿರ ಕಂಡರೂ ಚಿಟ್ಟೆಗೆ ಅದು ಗೋಡೆ. ಫೋಟೊದಲ್ಲಿ ಜಿಪಿಎಸ್ ಇದ್ದರೆ ಅದನ್ನು ಅಳಿಸಬೇಡಿ.

ಕಾಡಿನದ್ದೋ, ಚಿಟ್ಟೆ ಮನೆಯದ್ದೋ? ಯುರೋಪಿನ, ಅಮೆರಿಕದ ಗಾಜಿನ ಚಿಟ್ಟೆ ಮನೆಗಳಿಗೆ ಕೋಸ್ಟರಿಕಾದಂಥ ಕಡೆಗಳಿಂದ ಚಿಟ್ಟೆಯ ಕೋಶಗಳು (ಪ್ಯೂಪಾ) ಪಾರ್ಸೆಲ್ ಆಗಿ ಬರುತ್ತವೆ. ಅದೇ ಮನೆಯಲ್ಲಿ ಏಷ್ಯಾದ ಚಿಟ್ಟೆಗಳೂ ಇರುತ್ತವೆ. ಅಲ್ಲಿ ತೆಗೆದ ಫೋಟೊಗೆ ಸ್ಥಳದ ಸುಳಿವು ಪೂರ್ತಿ ಉಲ್ಟಾ ಹೊಡೆಯುತ್ತದೆ. ಹಿನ್ನೆಲೆಯಲ್ಲಿ ಕತ್ತರಿಸಿದ ಕಿತ್ತಳೆಯ ತಟ್ಟೆ ಕಂಡರೆ ಒಮ್ಮೆ ಕೇಳಿಬಿಡಿ.

ರೆಕ್ಕೆಯ ಅಡಿಭಾಗ ಕಾಣುತ್ತದೆಯೇ? ನಮಗೆ ರೆಕ್ಕೆ ಬಿಚ್ಚಿ ಕೂತ ಚಿಟ್ಟೆಯ ಫೋಟೊ ಅಂದ್ರೆ ಪ್ರೀತಿ. ಹೆಸರು ಸಿಗುವುದು ಮಾತ್ರ ಬಹಳ ಸಲ ಮಡಚಿದ ರೆಕ್ಕೆಯಲ್ಲೇ. ಒಂದೇ ಫೋಟೊ ತೆಗೆಯಲು ಸಾಧ್ಯ ಅಂದರೆ ನಾನು ಅಡಿಭಾಗವನ್ನೇ ಆರಿಸುತ್ತೇನೆ.

ಕಾಲು ಎಷ್ಟು? ಇದು ಚಿಲ್ಲರೆ ಪ್ರಶ್ನೆಯಂತೆ ಕಂಡರೂ ಮುಂದೆ ಮೂರು ಕಡೆ ಇದೇ ಕೈಹಿಡಿಯುತ್ತದೆ. ಮುಂದೆ ಬರುವ ಹೆಲಿಕೋನಿಯಸ್, ಮಾರ್ಫೊ, ರೆಕ್ಕೆಯಲ್ಲಿ 88 ಬರೆದಂತಿರುವ ಚಿಟ್ಟೆ, ಗಾಜುರೆಕ್ಕೆಯವು ಎಲ್ಲ ನಿಂಫಾಲಿಡೆ ಕುಟುಂಬದವು. ಇವುಗಳ ಮುಂದಿನ ಜೋಡಿ ಕಾಲು ಗಿಡ್ಡವಾಗಿ ಎದೆಗೆ ಅಂಟಿಕೊಂಡಿರುತ್ತದೆ, ನಿಲ್ಲುವುದು ನಾಲ್ಕು ಕಾಲಲ್ಲಿ. ಸ್ವಾಲೋಟೇಲ್‌ಗಳೂ (ಹಲವಕ್ಕೆ ಹಿಂದಿನ ರೆಕ್ಕೆಯಲ್ಲಿ ಬಾಲ ಇರುವ ದೊಡ್ಡ ಚಿಟ್ಟೆಗಳು) ಬಿಳಿ-ಹಳದಿ ಚಿಟ್ಟೆಗಳ ಕುಟುಂಬದವೂ ಆರು ಕಾಲಲ್ಲಿ ನಿಲ್ಲುತ್ತವೆ. ಪಕ್ಕದಿಂದ ತೆಗೆದ ಫೋಟೊವನ್ನು ದೊಡ್ಡದು ಮಾಡಿ ಎಣಿಸಿ.

ತೊಂದರೆ: ಹೊಳೆಯುವ ಹಸಿರು, ಹಿಂದೆ ಬಾಲ, ಆದರೆ ಯಾವ ಸ್ವಾಲೋಟೇಲ್‌ಗೂ ಹೊಂದುತ್ತಿಲ್ಲ

ಅದು ಚಿಟ್ಟೆಯೇ ಅಲ್ಲದಿರಬಹುದು. ಅಮೆಜಾನ್‌ನ ಹೊಳೆದಂಡೆಯಲ್ಲಿ ಹಗಲಲ್ಲೇ ಹಾರುವ, ಒದ್ದೆ ಮರಳಿಗೆ ಬಂದು ಕೂರುವ ಯುರೇನಿಯಾ ಲೈಲಸ್ ಎಂಬ ಪತಂಗ ಇದೆ. ಕಪ್ಪು ಮೈ, ಮಿರುಗುವ ಹಸಿರು ಪಟ್ಟೆ, ಬಿಳಿ ಅಂಚಿನ ಬಾಲ. ಎಂಥವರೂ ಸ್ವಾಲೋಟೇಲ್ ಅಂದುಕೊಳ್ಳುತ್ತಾರೆ. ಆ್ಯಪ್‌ಗೆ ಸರಿಯಾದ ಹೆಸರು ಸಿಕ್ಕರೂ "ಇದು ಪತಂಗ ಅಂತಿದೆ, ತಪ್ಪಿರಬೇಕು" ಎಂದು ಜನರೇ ತಳ್ಳಿಹಾಕುತ್ತಾರೆ.

ಮೀಸೆ, ಅಂದರೆ ತಲೆಯ ಮೇಲಿನ ಎರಡು ಸ್ಪರ್ಶತಂತು ನೋಡಿ. ಚಿಟ್ಟೆಯ ಮೀಸೆಯ ತುದಿ ಬೆಂಕಿಕಡ್ಡಿಯ ಹಾಗೆ ಉಬ್ಬಿರುತ್ತದೆ. ಯುರೇನಿಯಾದ್ದು ದಾರದ ಹಾಗೆ ಸಣ್ಣಗಾಗುತ್ತಾ ಹೋಗುತ್ತದೆ. ಈ ಪರೀಕ್ಷೆ ನೂರಕ್ಕೆ ನೂರು ನಂಬುವಂಥದ್ದಲ್ಲ. ಕ್ಯಾಸ್ಟ್‌ನಿಡೆ ಎಂಬ ಹಗಲು ಪತಂಗಗಳಿಗೆ ಅಲ್ಲಿ ಉಬ್ಬಿದ ಮೀಸೆ ಇದೆ. ಹೆಡಿಲಿಡೆ ಎಂಬ ಮಾಸಲು ಚಿಟ್ಟೆಗಳಿಗೆ ಉಬ್ಬೇ ಇಲ್ಲ, ಅವು ಬಹುಪಾಲು ರಾತ್ರಿ ಹಾರುತ್ತವೆ ಬೇರೆ. ಆದರೂ ಹಸಿರು ಬಾಲದ ಈ ಒಂದು ಗೊಂದಲಕ್ಕೆ ಮೀಸೆಯೇ ಸಾಕು.

ತೊಂದರೆ: ನೀಲಿ ಚಿಟ್ಟೆ, ಒಂದೊಂದು ಫೋಟೊಗೆ ಒಂದೊಂದು ಹೆಸರು

ಮಾರ್ಫೊ ಕುಲದಲ್ಲಿ ಸುಮಾರು 30 ಪ್ರಭೇದಗಳಿವೆ. ಎಲ್ಲವೂ ನೀಲಿ ಅಲ್ಲ. ಬ್ರೆಜಿಲ್‌ನ ಆಗ್ನೇಯ ಭಾಗದಿಂದ ಅರ್ಜೆಂಟೀನಾದವರೆಗೆ ಸಿಗುವ ಮಾರ್ಫೊ ಎಪಿಸ್ಟ್ರೊಫಸ್ ತಿಳಿಹಸಿರು ಛಾಯೆಯ ಬಿಳಿ. ಅತಿ ದೊಡ್ಡ ಮಾರ್ಫೊಗಳಲ್ಲಿ ಒಂದಾದ ಹೆಕ್ಯೂಬಾ ಕಂದು-ಕಿತ್ತಳೆ.

ಇಲ್ಲಿ ತಪ್ಪಿಗೆ ಮೊದಲ ಕಾರಣ ನೀಲಿಯನ್ನು ಅಳೆಯಲು ಹೋಗುವುದು. ಆ ನೀಲಿ ಬಣ್ಣದ ಪುಡಿ ಅಲ್ಲ. ರೆಕ್ಕೆಯ ಮೇಲಿನ ಹುರುಪೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪದರಗಳಿವೆ, ಅವು ಬೆಳಕಿನಲ್ಲಿ ನೀಲಿಯನ್ನಷ್ಟೇ ಬಲವಾಗಿ ವಾಪಸ್ ಎಸೆಯುತ್ತವೆ. ಕೋನ ಬದಲಾದರೆ ಬಣ್ಣ ಬದಲು. ಪ್ರಯೋಗಾಲಯದಲ್ಲಿ ರೆಕ್ಕೆಯನ್ನು ಆಲ್ಕೋಹಾಲ್‌ನಲ್ಲಿ ನೆನೆಸಿದರೆ ನೀಲಿ ಹಸಿರಾಗುತ್ತದೆ, ಒಣಗಿದರೆ ಮತ್ತೆ ನೀಲಿ. ಹೀಗಿರುವಾಗ "ಪುಸ್ತಕದಲ್ಲಿ ಗಾಢ ನೀಲಿ, ನನ್ನದು ತಿಳಿನೀಲಿ" ಎಂಬ ವಾದಕ್ಕೆ ಬೆಲೆ ಇಲ್ಲ. ಫ್ಲಾಶ್ ಹಾಕಿದ್ದರಂತೂ ಇನ್ನೂ ಇಲ್ಲ.

ನೀಲಿಯ ಬದಲು ಕಪ್ಪನ್ನು ನೋಡಿ. ಕಪ್ಪು ಅಂಚು ಎಷ್ಟು ಅಗಲ, ಅದರಲ್ಲಿ ಬಿಳಿ ಚುಕ್ಕಿ ಇವೆಯೇ, ನೀಲಿ ರೆಕ್ಕೆಯ ತುಂಬಾ ಇದೆಯೇ ಅಥವಾ ನಡುವೆ ಪಟ್ಟಿಯಾಗಿ ಮಾತ್ರ ಇದೆಯೇ? ಮಾರ್ಫೊ ಮೆನೆಲಾಸ್ ಗಂಡು ಹೆಚ್ಚು ಕಡಿಮೆ ಪೂರ್ತಿ ನೀಲಿ. ಅದರ ಹೆಣ್ಣಿಗೆ ಅಗಲವಾದ ಕಂದು ಅಂಚು, ಅದರಲ್ಲಿ ಬಿಳಿ ಚುಕ್ಕಿ. ಗಂಡು ಹೆಣ್ಣನ್ನು ಎರಡು ಪ್ರಭೇದ ಎಂದು ಬರೆದುಕೊಂಡವರು ಬಹಳ ಮಂದಿ. ನೀಲಿ ಪಟ್ಟಿ ಮಾತ್ರ ಇದ್ದರೆ ಹೆಲೆನಾರ್, ಅಕಿಲಿಸ್ ಎಂಬ ಎರಡು ಅಮೆಜಾನ್‌ನಲ್ಲಿ ಜೊತೆಯಾಗಿಯೇ ಸಿಗುತ್ತವೆ. ಮೇಲಿನಿಂದ ಅವನ್ನು ಬೇರೆ ಮಾಡಲು ಹೋಗಬೇಡಿ. ಅಡಿಭಾಗದ ಕಣ್ಣಚುಕ್ಕಿಗಳ ಸಾಲು ಬೇಕೇ ಬೇಕು. ಅದು ಇಲ್ಲವೆಂದರೆ "ಪಟ್ಟಿ ಮಾರ್ಫೊ ಗುಂಪು" ಎಂದು ಬರೆದು ಮುಂದೆ ಹೋಗಿ.

ಮರದ ಕಾಂಡದ ಮೇಲೆ ಗಟ್ಟಿ ಮೈಯ, ಬಾಣದ ಹಾಗೆ ಹಾರುವ, ಕಪ್ಪು ರೆಕ್ಕೆಗೆ ಅಡ್ಡಲಾಗಿ ಹೊಳೆವ ನೀಲಿ-ಹಸಿರು ಪಟ್ಟಿಯ ಚಿಟ್ಟೆ ಕಂಡರೆ ಅದು ಮಾರ್ಫೊ ಅಲ್ಲ, ಪ್ರಿಪೋನಾ ಅಥವಾ ಆರ್ಕಿಯೋಪ್ರಿಪೋನಾ ಇರಬಹುದು. ಅಂದಹಾಗೆ, ಮಲೆನಾಡಿನಲ್ಲಿ ದೊಡ್ಡ ನೀಲಿ ಚಿಟ್ಟೆ ಕಂಡು ಮಾರ್ಫೊ ಎಂದು ಸಂಭ್ರಮಿಸುವವರಿಗೆ ಒಂದು ಮಾತು: ನಮ್ಮದು ಬ್ಲೂ ಮಾರ್ಮನ್. ಸ್ವಾಲೋಟೇಲ್ ಕುಟುಂಬದ್ದು, ಆರು ಕಾಲಿನದು. ಮಾರ್ಫೊ ಅಮೆರಿಕ ಖಂಡಗಳು ಬಿಟ್ಟು ಬೇರೆಲ್ಲೂ ಕಾಡಲ್ಲಿ ಇಲ್ಲ.

ತೊಂದರೆ: ಗಾಜಿನಂಥ ರೆಕ್ಕೆ, ಎಲ್ಲವೂ ಗ್ರೆಟಾ ಓಟೊ ಎಂದೇ ಬರುತ್ತಿದೆ

ಇದು ಪ್ರಸಿದ್ಧಿಯ ದೋಷ. ಗ್ರೆಟಾ ಓಟೊ ಅಷ್ಟು ಹೆಸರುವಾಸಿ ಆಗಿರುವುದರಿಂದ ಪಾರದರ್ಶಕ ರೆಕ್ಕೆ ಕಂಡ ತಕ್ಷಣ ಎಲ್ಲರ ಬಾಯಲ್ಲಿ ಅದೇ. ಆದರೆ ಅದು ಮುಖ್ಯವಾಗಿ ಮಧ್ಯ ಅಮೆರಿಕದ್ದು. ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದ ವಾಯವ್ಯ ಮೂಲೆಯವರೆಗೆ ಇದೆ. ನಿಮ್ಮ ಫೋಟೊ ಪೆರುವಿನ ಅಮೆಜಾನ್ ಇಳಿಜಾರಿನದ್ದಾಗಿದ್ದರೆ ಈ ಹೆಸರನ್ನು ಮೊದಲೇ ಪಕ್ಕಕ್ಕಿಡಿ.

ಇದು ಸೇರಿರುವ ಇಥೋಮಿಯಿನಿ ಗುಂಪಿನಲ್ಲಿ ಸುಮಾರು 400 ಪ್ರಭೇದಗಳಿವೆ. ಒಲೇರಿಯಾ, ಇಥೋಮಿಯಾ, ಟೆರೋನಿಮಿಯಾ ಹೀಗೆ ಹಲವು ಕುಲಗಳಲ್ಲಿ ಗಾಜುರೆಕ್ಕೆಯವು ಇವೆ. ಕುಲವನ್ನು ಬೇರ್ಪಡಿಸುವುದು ಹಿಂದಿನ ರೆಕ್ಕೆಯ ನರಗಳ ಜೋಡಣೆ. ಹಿನ್ನೆಲೆ ಬೆಳಕಾಗಿದ್ದು ನರಗಳು ಸ್ಪಷ್ಟವಾಗಿ ಕಂಡರೆ ಒಂದು ದಾರಿ ಇದೆ. ಎಲೆಯ ಮೇಲೆ ಕೂತು ಹಸಿರು ಹಸಿರಾಗಿ ಕಂಡರೆ ಕುಲವೂ ಸಿಗುವುದಿಲ್ಲ. ನನ್ನ ಪ್ರಕಾರ ಗಾಜುರೆಕ್ಕೆಯ ಫೋಟೊಗಳಲ್ಲಿ ಹೆಚ್ಚಿನವು ಗುಂಪಿನ ಹೆಸರಿಗೇ ನಿಲ್ಲಬೇಕಾದವು.

ಎರಡು ಸುಳಿವು ಮಾತ್ರ ಸುಲಭ. ಮುಂದಿನ ಮತ್ತು ಹಿಂದಿನ ರೆಕ್ಕೆಯ ನಡುವೆ ಉದ್ದ ಕೂದಲಿನ ಕುಚ್ಚು ಕಂಡರೆ ಇಥೋಮಿಯಿನಿ ಗಂಡು ಎಂದು ಧೈರ್ಯವಾಗಿ ಹೇಳಬಹುದು. ಹಿಂದಿನ ರೆಕ್ಕೆಯ ಮೂಲೆಯಲ್ಲಿ ಗುಲಾಬಿ ಬಣ್ಣ ಹರಡಿದ್ದು, ಕತ್ತಲ ಕಾಡಿನ ನೆಲದ ಹತ್ತಿರವೇ ತೇಲುತ್ತಿದ್ದರೆ ಅದು ಈ ಗುಂಪೇ ಅಲ್ಲ, ಸಿಥೇರಿಯಾಸ್. ನಮ್ಮ ಕಂದು ಬಣ್ಣದ ಬುಶ್‌ಬ್ರೌನ್‌ಗಳ ದೂರದ ನೆಂಟ ಅಂದರೆ ನಂಬಲು ಸ್ವಲ್ಪ ಕಷ್ಟ.

ಏನು ಮಾಡುತ್ತಿತ್ತು ಎಂಬುದೂ ಸುಳಿವೇ. ಇಥೋಮಿಯಿನಿ ಗಂಡುಗಳು ಒಣಗಿದ ಹೀಲಿಯೋಟ್ರೋಪ್ ಗಿಡಕ್ಕೆ ಮುತ್ತುತ್ತವೆ, ಅದರಲ್ಲಿನ ಕಹಿ ರಾಸಾಯನಿಕ ಅವಕ್ಕೆ ಬೇಕು. ನಮ್ಮಲ್ಲಿ ಬ್ಲೂ ಟೈಗರ್ ಚಿಟ್ಟೆಗಳು ಕ್ರೊಟಲೇರಿಯಾ ಗಿಡಕ್ಕೆ ಮುತ್ತುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ.

ತೊಂದರೆ: ರೆಕ್ಕೆಯಲ್ಲಿ 88 ಇದೆ, ಆದರೆ ಚಿತ್ರಕ್ಕೆ ಪೂರ್ತಿ ಹೊಂದುತ್ತಿಲ್ಲ

ಬ್ರೆಜಿಲ್-ಅರ್ಜೆಂಟೀನಾ ಗಡಿಯ ಇಗುವಾಸು ಜಲಪಾತಕ್ಕೆ ಹೋದವರ ಕೈಮೇಲೆ, ಬೆವರು ಹೀರಲು ಬಂದು ಕೂರುವ ಚಿಟ್ಟೆ ಇದು. ಬೆವರಿನ ಉಪ್ಪು ಅದಕ್ಕೆ ಬೇಕು. ಕೈಮೇಲೆ ಕೂತು ರೆಕ್ಕೆ ಮಡಚುವುದರಿಂದ ಅಡಿಭಾಗದ ಫೋಟೊ ತಾನಾಗಿಯೇ ಸಿಗುತ್ತದೆ. ಅದೃಷ್ಟ ನೋಡಿ.

ಇಷ್ಟಾದರೂ ಹೆಸರು ತಪ್ಪುವುದು ಸಂಖ್ಯೆ ಓದುವುದರಿಂದ. ಡೈಯೇತ್ರಿಯಾ ಕ್ಲೈಮಿನಾದಲ್ಲಿ ಒಬ್ಬರಿಗೆ 88 ಕಾಣುತ್ತದೆ, ಇನ್ನೊಬ್ಬರಿಗೆ 89. ಎಡ ರೆಕ್ಕೆಯ ಗೆರೆ ಬಲ ರೆಕ್ಕೆಯಲ್ಲಿ ಕನ್ನಡಿಯ ಬಿಂಬದಂತೆ ತಿರುಗಿರುತ್ತದೆ, ಹಾಗಾಗಿ ಯಾವ ಕಡೆಯಿಂದ ಫೋಟೊ ತೆಗೆದಿರಿ ಎಂಬುದರ ಮೇಲೂ ಅಂಕಿ ಬದಲಾಗುತ್ತದೆ. ಅದೇ ಸೀಮೆಯಲ್ಲಿ ಡೈಯೇತ್ರಿಯಾ ಕ್ಯಾಂಡ್ರಿನಾ ಕೂಡ ಇದೆ, ಅದಕ್ಕೆ 80 ಎಂಬ ಅಡ್ಡಹೆಸರು. ಅಂಕಿ ಮರೆತುಬಿಡಿ. ಹಿಂದಿನ ರೆಕ್ಕೆಯ ಅಡಿಭಾಗ ಬಿಳಿಯಾಗಿದ್ದು ಅದರ ಮೇಲೆ ತೆಳು ಕಪ್ಪು ಗೆರೆ ಎಳೆದಂತಿದ್ದರೆ ಡೈಯೇತ್ರಿಯಾ. ಸುತ್ತುಗಳ ಒಳಗೆ ಕಪ್ಪು ತುಂಬಿ ಅದರಲ್ಲಿ ನೀಲಿ-ಬಿಳಿ ಚುಕ್ಕಿಗಳಿದ್ದರೆ ಕ್ಯಾಲಿಕೋರ್ ಗುಂಪು. ಹಿಂದಿನದಕ್ಕೆ ಮಾತ್ರ ಗಮನ ಕೊಟ್ಟು ಮುಂದಿನ ರೆಕ್ಕೆ ಮರೆಯಬೇಡಿ, ಅಲ್ಲಿನ ಕೆಂಪು ಭಾಗ ಎಷ್ಟು ದೊಡ್ಡದು ಎಂಬುದೂ ಮುಂದೆ ಪ್ರಭೇದ ಹೇಳಲು ಬೇಕು.

ತೊಂದರೆ: ಕಪ್ಪು ರೆಕ್ಕೆ, ಕೆಂಪು ಪಟ್ಟಿ, ಇಬ್ಬರು ತಿಳಿದವರು ಎರಡು ಹೆಸರು ಹೇಳುತ್ತಿದ್ದಾರೆ

ಈಗ ನಿಜವಾದ ತಲೆನೋವು. ಮೊದಲು ಸುಲಭದವನ್ನು ಆಚೆ ಹಾಕೋಣ.

ಹಾದಿಬದಿಯ ಹುಲ್ಲಲ್ಲಿ ತಗ್ಗಾಗಿ ಹಾರುತ್ತಾ, ಕಂದುಗಪ್ಪು ರೆಕ್ಕೆಯಲ್ಲಿ ಕೆಂಪಿನ ಜೊತೆ ಬಿಳಿ ಚುಕ್ಕಿ ಚದುರಿದ್ದರೆ ಅದು ಅನಾರ್ಟಿಯಾ ಅಮಥೀಯಾ. ದಕ್ಷಿಣ ಅಮೆರಿಕದಲ್ಲಿ ಬಹಳ ಸಾಮಾನ್ಯ. ಕಪ್ಪು ಚಿಟ್ಟೆಯ ಹಿಂದಿನ ರೆಕ್ಕೆಯಲ್ಲಿ ಕೆಂಪು ಮಚ್ಚೆ, ಆರು ಕಾಲು ಇದ್ದರೆ ಪ್ಯಾರಿಡೆಸ್ ಕುಲದ ಕಡೆ ನೋಡಿ. ಅದು ನಮ್ಮ ಕ್ರಿಮ್ಸನ್ ರೋಸ್‌ನ ಬಳಗವೇ. ಇವೆರಡೂ ಅಲ್ಲ, ರೆಕ್ಕೆ ಉದ್ದ, ಮೀಸೆ ಉದ್ದ, ಕಣ್ಣು ದೊಡ್ಡದು, ಹಾರಾಟ ನಿಧಾನ ಎಂದಾದರೆ ಹೆಲಿಕೋನಿಯಸ್ ಇರಬಹುದು. ಹೀರುಕೊಳವೆಗೆ ಹಳದಿ ಪರಾಗದ ಮುದ್ದೆ ಅಂಟಿದ್ದು ಕಂಡರೆ ಅನುಮಾನ ಬಹುತೇಕ ಮುಗಿಯಿತು. ಈ ಕುಲದ ಚಿಟ್ಟೆಗಳು ಮಕರಂದದ ಜೊತೆ ಪರಾಗವನ್ನೂ ತಿನ್ನುತ್ತವೆ, ಅದರಿಂದಲೇ ತಿಂಗಳುಗಟ್ಟಲೆ ಬದುಕುತ್ತವೆ. ಇವನ್ನೇ ಹೋಲುವ ಯುಯೀಡಿಸ್ ಕುಲದವು ಸಾಮಾನ್ಯವಾಗಿ ಗಾತ್ರದಲ್ಲಿ ಸಣ್ಣವು, ಮೀಸೆ ಗಿಡ್ಡ, ಪರಾಗ ತಿನ್ನುವುದಿಲ್ಲ. ಕೊಳೆತ ಬಾಳೆಹಣ್ಣಿನ ಮೇಲೆ ಕೂತ ಚಿಟ್ಟೆಯನ್ನು ಹೆಲಿಕೋನಿಯಸ್ ಅನ್ನುವ ಮೊದಲು ಎರಡು ಸಲ ಯೋಚಿಸಿ, ಇವು ಹೂವಿನ ಗಿರಾಕಿಗಳು.

ಇಷ್ಟಕ್ಕೆ ಕುಲ ಸಿಕ್ಕಿತು. ಮುಂದೆ ಎರಡು ಹೆಸರುಗಳ ಜಗಳ: ಹೆಲಿಕೋನಿಯಸ್ ಎರಾಟೊ ಮತ್ತು ಹೆಲಿಕೋನಿಯಸ್ ಮೆಲ್ಪೊಮಿನಿ. ಇವು ಅಣ್ಣತಮ್ಮಂದಿರಂಥ ಹತ್ತಿರದ ಜೋಡಿ ಅಲ್ಲ, ಇದೇ ಕುಲದ ಎರಡು ಬೇರೆ ಕವಲುಗಳು. ಎರಡೂ ಹಕ್ಕಿಗಳಿಗೆ ಕಹಿ. ಒಂದೇ ಎಚ್ಚರಿಕೆಯ ಬಣ್ಣವನ್ನು ಇಬ್ಬರೂ ತೊಟ್ಟರೆ ಹಕ್ಕಿ ಒಮ್ಮೆ ಪಾಠ ಕಲಿತರೆ ಸಾಕು, ಇಬ್ಬರಿಗೂ ಲಾಭ. ಬ್ರೆಜಿಲ್‌ನಲ್ಲಿ ನೆಲೆಸಿದ್ದ ಫ್ರಿಟ್ಜ್ ಮುಲ್ಲರ್ 1870ರ ದಶಕದ ಕೊನೆಯಲ್ಲಿ ವಿವರಿಸಿದ್ದು ಇದನ್ನೇ. ನಮ್ಮ ಕಾಮನ್ ಮಾರ್ಮನ್ ಹೆಣ್ಣು ಕಾಮನ್ ರೋಸ್‌ನ ವೇಷ ಹಾಕುವುದು ಬೇರೆ ಕಥೆ. ಅಲ್ಲಿ ಒಂದು ನಿಜವಾಗಿ ಕಹಿ, ಇನ್ನೊಂದು ಸುಮ್ನೆ ನಾಟಕ. ಅಂಥದ್ದನ್ನು ಅಮೆಜಾನ್‌ನಲ್ಲಿ 11 ವರ್ಷ ಕಳೆದ ಹೆನ್ರಿ ಬೇಟ್ಸ್ 1862ರಲ್ಲೇ ಬರೆದಿದ್ದರು.

ಹುಡುಕುವವರ ಪಾಲಿಗೆ ಇದರ ಫಲ ಏನು ಗೊತ್ತಾ? ಎರಾಟೊ ಊರೂರಿಗೆ ವೇಷ ಬದಲಿಸುತ್ತದೆ, ಮೆಲ್ಪೊಮಿನಿಯೂ ಅದೇ ಊರಲ್ಲಿ ಅದೇ ವೇಷಕ್ಕೆ ಬದಲಾಗುತ್ತದೆ. ಈಕ್ವೆಡಾರ್‌ನ ಪಶ್ಚಿಮದಲ್ಲಿ ಎರಾಟೊದ ಸೈರ್ಬಿಯಾ ರೂಪ ನೀಲಿ ಮಿಂಚುವ ರೆಕ್ಕೆಗೆ ಕೆಂಪು ಪಟ್ಟಿ ಹೊತ್ತಿದ್ದರೆ, ಮೆಲ್ಪೊಮಿನಿಯ ಸೈಥೆರಾ ರೂಪವೂ ಹಾಗೇ. ಬೆಟ್ಟ ದಾಟಿ ಪೂರ್ವಕ್ಕೆ ಬಂದರೆ ಒಂದು ಕಡೆ ಎರಾಟೊದ ನೋಟಾಬಿಲಿಸ್ ಮತ್ತು ಮೆಲ್ಪೊಮಿನಿಯ ಪ್ಲೆಸ್ಸೆನಿ, ಮುಂದಿನ ರೆಕ್ಕೆಯಲ್ಲಿ ಕೆಂಪು-ಬಿಳಿ ಮಚ್ಚೆ. ಇನ್ನೂ ಕೆಳಗೆ ಅಮೆಜಾನ್ ಬಯಲಿಗೆ ಇಳಿದರೆ ಲಾಟಿವಿಟ್ಟಾ ಮತ್ತು ಮಲ್ಲೆಟಿ, ಹಿಂದಿನ ರೆಕ್ಕೆಯಲ್ಲಿ ಸೂರ್ಯಕಿರಣದ ಹಾಗೆ ಕೆಂಪು ಗೆರೆ. ಹೀಗಾಗಿ ಪಶ್ಚಿಮದ ಎರಾಟೊಗೂ ಪೂರ್ವದ ಎರಾಟೊಗೂ ಇರುವ ಹೋಲಿಕೆಗಿಂತ, ಒಂದೇ ಊರಿನ ಎರಾಟೊಗೂ ಮೆಲ್ಪೊಮಿನಿಗೂ ಹೋಲಿಕೆ ಜಾಸ್ತಿ. ಎರಡರಲ್ಲೂ ಕೆಂಪು ಎಲ್ಲಿ ಮೂಡಬೇಕು ಎಂಬುದನ್ನು ನಡೆಸುವುದು ಆಪ್ಟಿಕ್ಸ್ ಎಂಬ ಒಂದೇ ಜೀನ್. ಇದು ತಿಳಿದದ್ದು 2011ರಲ್ಲಿ.

ಆದ್ದರಿಂದ ಪುಸ್ತಕದಲ್ಲಿ "ಎರಾಟೊ" ಎಂದು ಅಚ್ಚಾದ ಒಂದೇ ಚಿತ್ರದ ಜೊತೆ ನಿಮ್ಮ ಫೋಟೊ ಹೋಲಿಸುವುದು ಇಲ್ಲಿನ ಮೂಲ ದೋಷ. ಮಾಡಬೇಕಾದ್ದು ಹೀಗೆ. ಮೊದಲು ನಿಮ್ಮ ಸ್ಥಳದಲ್ಲಿ ಇರುವ ಎರಾಟೊ ರೂಪ ಯಾವುದು, ಮೆಲ್ಪೊಮಿನಿ ರೂಪ ಯಾವುದು ಎಂದು ಹುಡುಕಿ. ಆ ಎರಡನ್ನೇ ಅಕ್ಕಪಕ್ಕ ಇಟ್ಟುಕೊಳ್ಳಿ. ಉಳಿದ ಇಪ್ಪತ್ತು ಮೂವತ್ತು ರೂಪಗಳ ಕಡೆ ಕಣ್ಣೆತ್ತಿಯೂ ನೋಡಬೇಡಿ. ಆಮೇಲೆ ಅಡಿಭಾಗಕ್ಕೆ ಹೋಗಿ. ಹಿಂದಿನ ರೆಕ್ಕೆ ಮೈಗೆ ಸೇರುವ ಬುಡದಲ್ಲಿ ಪುಟ್ಟ ಕೆಂಪು ಚುಕ್ಕಿಗಳಿರುತ್ತವೆ. ಅವು ಎಷ್ಟಿವೆ, ಹೇಗೆ ಜೋಡಿಸಿಕೊಂಡಿವೆ, ಹಳದಿ ಪಟ್ಟಿ ಇದ್ದರೆ ಅದು ರೆಕ್ಕೆಯ ಅಂಚಿನ ಕಡೆ ಹೇಗೆ ಮುಗಿಯುತ್ತದೆ, ಇವನ್ನು ಆ ಎರಡು ರೂಪಗಳ ಅಡಿಭಾಗದ ಚಿತ್ರಕ್ಕೆ ಹೋಲಿಸಿ. ಮೇಲ್ಭಾಗ ಇಬ್ಬರಿಗೂ ಸಮಾನ ವೇಷ. ಹಕ್ಕಿಯ ಕಣ್ಣಿಗೆ ಅಷ್ಟಾಗಿ ಬೀಳದ ಈ ಬುಡದಲ್ಲಿ ಇಬ್ಬರ ಗುಟ್ಟು ಉಳಿದಿದೆ.

ಬುಡ ಕಾಣದ ಫೋಟೊ ಆಗಿದ್ದರೆ? ಹೆಚ್ಚಿನ ಕಡೆ ಎರಾಟೊ ಜಾಸ್ತಿ, ಮೆಲ್ಪೊಮಿನಿ ಕಡಿಮೆ. ಆದರೆ ಅದು ಊಹೆಗೆ ಸಾಕೇ ಹೊರತು ಹೆಸರು ಬರೆಯಲು ಸಾಲದು. "ಎರಾಟೊ ಅಥವಾ ಮೆಲ್ಪೊಮಿನಿ" ಎಂದು ಬರೆಯಿರಿ. ಅದರಲ್ಲಿ ನಾಚಿಕೆ ಏನೂ ಇಲ್ಲ, ವರ್ಷಗಟ್ಟಲೆ ಈ ಕೆಲಸದಲ್ಲಿ ಇರುವವರೂ ಹಾಗೇ ಬರೆಯುತ್ತಾರೆ. ದಕ್ಷಿಣ ಬ್ರೆಜಿಲ್‌ನಲ್ಲಂತೂ ಎರಾಟೊದ ಫಿಲ್ಲಿಸ್ ರೂಪದ ವೇಷದಲ್ಲೇ ಹೆಲಿಕೋನಿಯಸ್ ಬೆಸ್ಕಿ ಎಂಬ ಮೂರನೆಯದ್ದೂ ಇದೆ. ಅಲ್ಲಿ ಎರಡರ ನಡುವೆ ಮಾತ್ರ ಆರಿಸುವುದೇ ತಪ್ಪು.

ಇಷ್ಟೆಲ್ಲ ಮಾಡಿದರೂ ಯಾವ ಚಿತ್ರಕ್ಕೂ ಹೊಂದದ ಚಿಟ್ಟೆ ಉಳಿದರೆ, ಎಲ್ಲಿ ತೆಗೆದದ್ದು ಎಂದು ಮತ್ತೊಮ್ಮೆ ನೋಡಿ. ಪೆರುವಿನ ತಾರಾಪೋಟೊದಿಂದ ಯುರಿಮಾಗ್ವಾಸ್‌ಗೆ ಹೋಗುವ ರಸ್ತೆ ಎಸ್ಕಲೇರಾ ಬೆಟ್ಟಸಾಲನ್ನು ದಾಟುತ್ತದೆ. ತಾರಾಪೋಟೊ ಕಡೆ ಕೆಂಪು ಪಟ್ಟಿ, ಹಳದಿ ಗೆರೆಯ ಎರಾಟೊ ಫೇವರಿನಸ್ ಮತ್ತು ಮೆಲ್ಪೊಮಿನಿ ಅಮರಿಲ್ಲಿಸ್. ಯುರಿಮಾಗ್ವಾಸ್ ಕಡೆ ಕಿರಣದ ಗೆರೆಯ, ಮುಂದಿನ ರೆಕ್ಕೆಯಲ್ಲಿ ಹಳದಿ ಪಟ್ಟಿಯ ಎರಾಟೊ ಎಮ್ಮಾ ಮತ್ತು ಮೆಲ್ಪೊಮಿನಿ ಅಗ್ಲಾವೊಪೆ. ನಡುವಿನ ಕಿರಿದಾದ ಪಟ್ಟಿಯಲ್ಲಿ ಎರಾಟೊದ ಎರಡು ರೂಪಗಳು ಪರಸ್ಪರ ಕೂಡುತ್ತವೆ, ಮೆಲ್ಪೊಮಿನಿಯವೂ ಹಾಗೇ. ಹುಟ್ಟುವ ಮರಿಗಳ ರೆಕ್ಕೆಯಲ್ಲಿ ಒಂದರ ಪಟ್ಟಿ, ಇನ್ನೊಂದರ ಕಿರಣ ಬೆರೆತಿರುತ್ತದೆ. ಅದಕ್ಕೆ ಪುಸ್ತಕದಲ್ಲಿ ಚಿತ್ರ ಇಲ್ಲದಿದ್ದರೆ ತಪ್ಪು ನಿಮ್ಮದಲ್ಲ. ಅಂಥದ್ದು ಸಿಕ್ಕರೆ ಖುಷಿಪಡಿ. ಅಲ್ಲಿಗೆ ದಶಕಗಳಿಂದ ವಿಜ್ಞಾನಿಗಳು ಹೋಗುವುದೇ ಆ ಬೆರಕೆ ಚಿಟ್ಟೆಗಳಿಗಾಗಿ.

ತೊಂದರೆ: ಕಿತ್ತಳೆ, ಕಪ್ಪು, ಹಳದಿ ಹುಲಿಪಟ್ಟೆ

ಮೇಲಿನದಕ್ಕಿಂತ ಗಲಾಟೆ, ಆದರೆ ದಾರಿ ಸಣ್ಣದು. ಈ ವೇಷದಲ್ಲಿ ಮೆಲಿನಿಯಾ, ಮೆಕಾನೈಟಿಸ್‌ನಂಥ ಇಥೋಮಿಯಿನಿಗಳಿವೆ, ಹೆಲಿಕೋನಿಯಸ್ ನುಮಾಟಾ ಇದೆ, ಯುಯೀಡಿಸ್ ಇಸಬೆಲ್ಲಾ ಇದೆ, ಡಿಸ್ಮಾರ್ಫಿಯಾ ಆಂಫಿಯೋನಿ ಇದೆ, ಹಗಲು ಪತಂಗಗಳೂ ಇವೆ. ಕಾಲು ಎಣಿಸಿ. ಆರಿದ್ದು, ಮೀಸೆಗೆ ಉಬ್ಬು ಇದ್ದರೆ ಡಿಸ್ಮಾರ್ಫಿಯಾ, ಅಂದರೆ ನಮ್ಮ ಹಳದಿ ಗ್ರಾಸ್ ಯೆಲ್ಲೋ ಚಿಟ್ಟೆಯ ಕುಟುಂಬದ್ದು! ನಾಲ್ಕಿದ್ದರೆ ಮೀಸೆ, ತಲೆ ನೋಡಿ. ತಲೆ ಕಣ್ಣು ದೊಡ್ಡದಾಗಿ, ಮೀಸೆ ತುದಿ ಸ್ಪಷ್ಟವಾಗಿ ಉಬ್ಬಿದ್ದರೆ ಹೆಲಿಕೋನಿಯಸ್ ಕಡೆ. ಮೀಸೆ ಸಪೂರವಾಗಿ, ತುದಿ ಅಷ್ಟಾಗಿ ಉಬ್ಬದೆ ಇದ್ದರೆ ಇಥೋಮಿಯಿನಿ ಕಡೆ.

ನುಮಾಟಾ ಎಂದು ಗೊತ್ತಾದ ಮೇಲೆ ರೂಪದ ಹೆಸರಿಗಾಗಿ ಸ್ಥಳ ನೋಡಿದರೆ ಸಾಕು ಅಂದುಕೊಳ್ಳಬೇಡಿ. ಎರಾಟೊಗೆ ನಡೆಯುವ ಉಪಾಯ ಇಲ್ಲಿ ನಡೆಯುವುದಿಲ್ಲ. ನುಮಾಟಾ ಒಂದೇ ಜಾಗದಲ್ಲಿ ಏಳು ರೂಪಗಳವರೆಗೂ ಇರುತ್ತದೆ, ಒಂದೊಂದು ರೂಪ ಒಂದೊಂದು ಮೆಲಿನಿಯಾವನ್ನು ಅನುಕರಿಸುತ್ತದೆ. ಒಂದೇ ತಾಯಿಯ ಮೊಟ್ಟೆಗಳಿಂದ ಬೇರೆ ಬೇರೆ ರೂಪಗಳು ಹೊರಬರಬಹುದು.

ಪಟ್ಟೆ ಮೊನಾರ್ಕ್‌ನಂತೆ, ಅಂದರೆ ನಮ್ಮ ಸ್ಟ್ರೈಪ್ಡ್ ಟೈಗರ್‌ನಂತೆ ಕಂಡರೆ ಅದು ಡಾನೌಸ್ ಕುಲ. ಅದಕ್ಕೆ ಸ್ಥಳವೇ ಮೊದಲ ಉತ್ತರ: ಖಂಡದ ಉತ್ತರ ಭಾಗದಲ್ಲಾದರೆ ಪ್ಲೆಕ್ಸಿಪಸ್, ದಕ್ಷಿಣ ಬ್ರೆಜಿಲ್, ಅರ್ಜೆಂಟೀನಾ ಕಡೆಯಾದರೆ ಎರಿಪ್ಪಸ್.

ತೊಂದರೆ: ಚಿಟ್ಟೆ ಅದೇ, ಹೆಸರು ಮಾತ್ರ ಎರಡು

ಇದಕ್ಕೆ ಫೋಟೊ ಕಾರಣ ಅಲ್ಲ. ಹೆಸರುಗಳು ಬದಲಾಗುತ್ತಿರುತ್ತವೆ. ಪೆರುವಿನ ಗೆರಾರ್ಡೊ ಲಾಮಾಸ್ ಅವರ ಸಂಪಾದಕತ್ವದಲ್ಲಿ 2004ರಲ್ಲಿ ಬಂದ ಪಟ್ಟಿ ಅಲ್ಲಿನ ಸಾವಿರಾರು ಹೆಸರುಗಳನ್ನು ಜೋಡಿಸಿಟ್ಟಿತು. ಅದಕ್ಕಿಂತ ಹಳೆಯ ಪುಸ್ತಕ ಕೈಲಿದ್ದರೆ ಹೊಂದಾಣಿಕೆ ಕಷ್ಟ. ಅದಾದಮೇಲೂ ಬದಲಾವಣೆ ನಿಂತಿಲ್ಲ. ಮಾರ್ಫೊ ಪೆಲೀಡಿಸ್ ಎಂದು ಚಿಟ್ಟೆ ಮನೆಗಳ ಫಲಕದಲ್ಲಿ ಕಾಣುವುದನ್ನು ಈಗ ಹೆಲೆನಾರ್‌ನ ಉಪಪ್ರಭೇದ ಎಂದು ಹಲವರು ಬರೆಯುತ್ತಾರೆ. ಕ್ಯಾಲಿಕೋರ್‌ನ ಕೆಲವನ್ನು ಕೆಟಗ್ರಾಮಾ ಎಂಬ ಹಳೆಯ ಕುಲಕ್ಕೆ ವಾಪಸ್ ಕಳಿಸಿದ್ದಾರೆ.

ಎರಡು ಹೆಸರು ಜಗಳವಾಡಿದಾಗ ಮೊದಲ ಪದ ಬಿಟ್ಟು ಎರಡನೆಯದನ್ನು ಹೋಲಿಸಿ. ಎರಡನೆಯದು ಒಂದೇ ಆಗಿದ್ದರೆ ಬಹುಶಃ ಚಿಟ್ಟೆಯೂ ಒಂದೇ, ಕುಲ ಮಾತ್ರ ಬದಲಾಗಿದೆ. ಎರಡನೆಯದೂ ಬೇರೆ ಇದ್ದರೆ, ಒಂದು ಹೆಸರು ಇನ್ನೊಂದರ ಉಪಪ್ರಭೇದವಾಗಿ ಸೇರಿಹೋಗಿದೆಯೇ ಎಂದು ನೋಡಿ. ಅದೂ ಅಲ್ಲವೆಂದಾದರೆ ಮಾತ್ರ ಫೋಟೊಗೆ ವಾಪಸ್ ಹೋಗಿ. ಬೇರೆಯವರನ್ನು ಕೇಳುವಾಗ ಕತ್ತರಿಸದ ಮೂಲ ಫೋಟೊ, ಹತ್ತಿರದ ಊರು, ಎತ್ತರ, ತಿಂಗಳು, ಚಿಟ್ಟೆ ಎಲ್ಲಿ ಕೂತಿತ್ತು ಎಂಬುದನ್ನು ಒಟ್ಟಿಗೇ ಕಳಿಸಿ. ಆ್ಯಪ್ ಕೊಟ್ಟ ಹೆಸರನ್ನು ಮೊದಲೇ ಹೇಳಬೇಡಿ, ನೋಡುವವರ ಕಣ್ಣು ಆ ಹೆಸರಿನ ಕಡೆಗೇ ವಾಲುತ್ತದೆ.